ಸನಾವುಲ್ಲಾನ ಕಿವಿ

ಎಲ್ಲದಕ್ಕೂ ಮೂಲ ಎರಡು ಚಮಚ ಬೆಳ್ಳುಳ್ಳಿ ಎಣ್ಣೆ. ಕಿವಿ ಚುರುಕಾಗಲಿ ಎಂದು ಸನಾವುಲ್ಲಾ ಅದನ್ನು ಬೆಚ್ಚಗೆ ಮಾಡಿ ಎರಡೂ ಕಿವಿಗೆ ಬಿಟ್ಟುಕೊಂಡು, ಹತ್ತಿ ತುರುಕಿಕೊಂಡು ಮಲಗಿದ್ದ. ಬೆಳಿಗ್ಗೆ ಎದ್ದು ಹತ್ತಿ ತೆಗೆದರೆ ಲೋಕವೇ ಮೌನವ್ರತ ಹಿಡಿದಿತ್ತು. ಹೆಂಡತಿ ಹಫೀಜಾ ಎದುರಿಗೆ ನಿಂತು ಬಾಯಿ ಆಡಿಸುತ್ತಿದ್ದಳು. ಬೈಯುತ್ತಿದ್ದಾಳೆ ಎಂದು ಗೊತ್ತಾಯಿತು, ಯಾಕೆ ಎಂದು ಗೊತ್ತಾಗಲಿಲ್ಲ. ಎಷ್ಟೋ ವರ್ಷದ ಗುಗ್ಗೆ ಎಣ್ಣೆ ಕುಡಿದು ಉಬ್ಬಿ, ಎರಡೂ ಕಿವಿಗೆ ಬೀಗ ಜಡಿದಿತ್ತು.

ಬೇರೆ ದಿನವಾಗಿದ್ದರೆ ಇದೂ ಒಂದು ಭಾಗ್ಯವೆಂದು ಅವನು ಸುಮ್ಮನಿರುತ್ತಿದ್ದನೇನೋ. ಇವತ್ತು ಮಾತ್ರ ಕಿವಿ ಬೇಕೇ ಬೇಕಿತ್ತು. ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರುಗಳ ನಡುವೆ ಅವನಿಗಿದ್ದ ಬೆಲೆಯೆಲ್ಲ ಆ ಎರಡು ಕಿವಿಗಳದ್ದು. ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಹುಳದ ಗಲಗಲ ಕೇಳಿಯೇ ಅದರ ನೂಲು ಬಿಸಿನೀರಿನಲ್ಲಿ ತುಂಡಾಗದೆ ಬಿಚ್ಚುತ್ತದೋ ಇಲ್ಲವೋ ಹೇಳಿಬಿಡುತ್ತಿದ್ದ. ಹರಾಜಿಗೆ ಮುಂಚೆ ಮಾರುಕಟ್ಟೆಯ ಅರ್ಧ ಜನ ಅವನ ಮುಂದೆ ಗೂಡು ಹಿಡಿದು ನಿಲ್ಲುತ್ತಿದ್ದರು.

ಊರಾಚೆ ಬಂಡೆಗಳ ಬುಡದಲ್ಲಿ ವಿಶ್ವವಿದ್ಯಾಲಯ ಎದ್ದ ಮೇಲೆ ಈ ಮರ್ಯಾದೆಗೆ ಕುತ್ತು ಬಂತು. ಅಲ್ಲಿ ಒಂದು ಸಾಲು ಪ್ರಯೋಗಶಾಲೆ, ಎದುರು ಸಾಲು ಕಂಪನಿ. ಬೆಳಿಗ್ಗೆ ಈ ಕಡೆ ಕಂಡುಹಿಡಿದದ್ದನ್ನು ಮಧ್ಯಾಹ್ನ ಆ ಕಡೆ ಮಾರುತ್ತಾರೆಂದು ಊರವರು ಆಡಿಕೊಳ್ಳುತ್ತಿದ್ದರು. ಅಲ್ಲಿನ ಪ್ರೊಫೆಸರ್ ಜಹೀದಾ, ಗೂಡಿನ ಸದ್ದು ಕೇಳಿ ಒಳ್ಳೆಯದಕ್ಕೆ ಹಸಿರು ದೀಪ, ಕೆಟ್ಟದ್ದಕ್ಕೆ ಕೆಂಪು ದೀಪ ಹಚ್ಚುವ ಪೆಟ್ಟಿಗೆಯೊಂದನ್ನು ಮಾಡಿ, ಇವತ್ತು ಬರಬೇಕೆಂದು ಸನಾವುಲ್ಲಾನಿಗೆ ಹೇಳಿಕಳಿಸಿದ್ದರು. ಪಕ್ಕದ ಮನೆಯ ರೀಲರ್ ಮಕ್ಬೂಲ್ ಟೀ ಅಂಗಡಿಯಲ್ಲಿ ಕೂತು, ಪೆಟ್ಟಿಗೆಗೂ ಸನಾವುಲ್ಲಾ ಭಾಯ್‌ಗೂ ಪಂದ್ಯ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದ. ಸೋತರೆ ನಾಳೆಯಿಂದ ತನ್ನನ್ನು ಮೂಸಿಯೂ ನೋಡುವವರಿಲ್ಲ ಎಂಬ ಭಯ ಸನಾವುಲ್ಲಾನನ್ನು ವಾರದಿಂದ ಹಿಂಡುತ್ತಿತ್ತು.

ಹಫೀಜಾ ಅವನ ಕಿವಿಗೇ ಬಾಯಿಟ್ಟು ಕಿರುಚಿದಳು. ಪಕ್ಕದಲ್ಲಿ ಮಕ್ಬೂಲನ ನೂಲು ಸುತ್ತುವ ಚರಕ ಗಡಗಡ ಓಡುತ್ತಿದ್ದುದರಿಂದ ಬೀದಿಗೆ ಕೇಳಲಿಲ್ಲ.

"ನಾಳೆ ಬತ್ತೀನಿ ಅಂತ ಏಳ್ರೀ! ಈಗ ಡಾಕ್ಟ್ರತ್ರ ಓಗವಾ!"

"ಎದ್ರುಕೊಂಡು ಓಡೋದ ಅಂತಾರೆ ಕಣೇ!"

"ಅಂಗಾದ್ರೆ ಒಂಟಿಕಾಲಲ್ಲಿ ಕುಣೀರಿ, ಎಣ್ಣೆ ಇಳೀತದೆ!"

ಐವತ್ತೆಂಟರ ಸನಾವುಲ್ಲಾ ತಲೆ ವಾರೆ ಮಾಡಿಕೊಂಡು ಅಂಗಳದಲ್ಲಿ ಕುಣಿಯುತ್ತಿರುವಾಗಲೇ ಮಕ್ಬೂಲ್ ಸ್ಕೂಟರ್ ತಂದ. ಇದು ಪಂದ್ಯದ ತಯಾರಿ ಎಂದುಕೊಂಡನೋ ಏನೋ, ಮೆಚ್ಚುಗೆಯಿಂದ ಬೆನ್ನು ತಟ್ಟಿ ಹಿಂದೆ ಕೂರಿಸಿಕೊಂಡ. ದಾರಿಯುದ್ದಕ್ಕೂ ತಿರುಗಿ ತಿರುಗಿ ಏನೋ ಕೇಳುತ್ತಿದ್ದ. ಸನಾವುಲ್ಲಾ ಎಲ್ಲದಕ್ಕೂ "ಊಂ, ಮತ್ತೆ!" ಎನ್ನುತ್ತ, ಇನ್ನೇನು ಗುಟ್ಟು ಬಯಲಾಯಿತು ಎಂದು ಬೆವರುತ್ತಿದ್ದ.

ಪ್ರಯೋಗಶಾಲೆಯಲ್ಲಿ ಹತ್ತು ಜನ ಸೇರಿದ್ದರು. ಕಂಪನಿಯ ಟೈ ಕಟ್ಟಿದವನೊಬ್ಬ. ಗೂಡು ತಂದಿದ್ದ ವಿರೂಪಾಕ್ಷಿಪುರದ ರೈತ ರಾಮಲಿಂಗಯ್ಯ ಬುಟ್ಟಿಯ ಪಕ್ಕ ಕೈಕಟ್ಟಿ ನಿಂತಿದ್ದ. ಜಹೀದಾ ನಗುನಗುತ್ತ ಪೆಟ್ಟಿಗೆ ತೋರಿಸಿ ಬಹಳ ಹೊತ್ತು ಮಾತಾಡಿದರು. ಸನಾವುಲ್ಲಾ ತಲೆಯಾಡಿಸಿದ. ಅವರು ಅನುಮಾನದಿಂದ ಅವನ ಮುಖ ನೋಡಿ ಮತ್ತೇನೋ ಕೇಳಿದರು. ಅವನು ಇನ್ನೂ ಜೋರಾಗಿ ಆಡಿಸಿದ. ಕಾಗದ ಮುಂದಿಟ್ಟರು. ಓದುತ್ತ ಕೂತರೆ ಪ್ರಶ್ನೆಗಳು ಬರುತ್ತವೆಂಬ ಹೆದರಿಕೆಯಲ್ಲಿ ಸೈನು ಹಾಕಿ ತಳ್ಳಿದ.

ಮೊದಲ ಗೂಡನ್ನು ಪೆಟ್ಟಿಗೆಯ ಪಕ್ಕದಲ್ಲೇ ಎತ್ತಿ, ಕಣ್ಣು ಮುಚ್ಚಿ ಅಲ್ಲಾಡಿಸಿದ. ಏನೂ ಇಲ್ಲ. "ಕೆಟ್ಟೋಗೈತೆ" ಎಂದ. ರಾಮಲಿಂಗಯ್ಯನ ಮುಖ ಬಾಡಿತು. ಇನ್ನೊಂದಕ್ಕೂ ಹಾಗೇ ಎಂದ. ರಾಮಲಿಂಗಯ್ಯ ಸತ್ತವರ ಮನೆಗೆ ಬಂದವನಂತೆ ನಿಂತ. ಪಾಪ ಎನ್ನಿಸಿ ಮೂರನೆಯದಕ್ಕೆ "ಒಳ್ಳೇದು" ಎಂದ, ನಾಲ್ಕನೆಯದಕ್ಕೂ ಎಂದ. ಪೆಟ್ಟಿಗೆ ಮೊದಮೊದಲು ಕೆಂಪು ತೋರಿಸಿ ತಕರಾರು ತೆಗೆಯಿತು. ಸನಾವುಲ್ಲಾನ ಅಂಗಿ ಒದ್ದೆಯಾಯಿತು, ಬಾಯಿ ಮಾತ್ರ "ಒಳ್ಳೇದು, ಒಳ್ಳೇದು" ಎನ್ನುತ್ತಲೇ ಇತ್ತು. ಬುಟ್ಟಿಯ ತಳ ಕಾಣುವ ಹೊತ್ತಿಗೆ ಆಶ್ಚರ್ಯ! ಅವನು ಬಾಯಿ ಬಿಡುವ ಮೊದಲೇ ಪೆಟ್ಟಿಗೆ ಹಸಿರು ದೀಪ ಹಚ್ಚತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು. ಮಕ್ಬೂಲ್ ಅಪ್ಪಿಕೊಂಡ. ಗೆದ್ದೆ ಎಂದು ಸನಾವುಲ್ಲಾನಿಗೆ ಕಣ್ಣಲ್ಲಿ ನೀರೇ ಬಂತು.

ಗೇಟಿನಲ್ಲಿ ಕಾದಿದ್ದ ಹಫೀಜಾ ಅವನನ್ನು ಶಾಲಿನ ಸಮೇತ ಡಾಕ್ಟರ ಹತ್ತಿರ ಎಳೆದೊಯ್ದಳು. ಅವರು ಸಿರಿಂಜಿನಲ್ಲಿ ಬೆಚ್ಚಗಿನ ನೀರು ಬಿಟ್ಟು ಬೀಗ ತೆಗೆದರು. ಬಸ್ಸಿನ ಹಾರನ್ನೂ ಇಂಪಾಗಿ ಕೇಳುತ್ತ ಸನಾವುಲ್ಲಾ ಮಧ್ಯಾಹ್ನದ ಹರಾಜಿಗೆ ಮಾರುಕಟ್ಟೆಗೆ ಬಂದ. ಅಲ್ಲಿ ಮೇಜಿನ ಮೇಲೆ ಆ ಪೆಟ್ಟಿಗೆ ಕೂತಿತ್ತು. ಮೈಮೇಲೆ ಕಂಪನಿಯ ಚೀಟಿಯೂ ಅಂಟಿತ್ತು. ಸುತ್ತ ಜನ.

"ಸೋತಿದ್ದ ಪೆಟ್ಟಿಗೆ ಇಲ್ಯಾಕ್ಲಾ ಬಂತು, ಮಕ್ಬೂಲ್?"

"ಸೋಲಾದೆಲ್ಲಿ ಭಾಯ್? ಪಂದ್ಯ ಅಂತ ನಾನೇ ತಪ್ಪು ತಿಳ್ಕಂಡಿದ್ದೆ. ಮೇಡಮ್ಮೋರು ಅಷ್ಟೊತ್ತು ಅದ್ನೇ ಏಳ್ತಿದ್ರಲ್ಲ! ನಿಮ್ ಕಿವೀನ ನೋಡ್ಕಂಡು ಪೆಟ್ಟಿಗೆ ಕಲೀಬೇಕು, ನೀವು ಏಳಿದ್ದೇ ಅದಕ್ಕೆ ಪಾಠ ಅಂತ. ಕಿವಿ ಸರಿಯಾಗೈತಾ ಚಾಚಾ, ಇಲ್ದಿದ್ರೆ ನಾಳೆ ಇಟ್ಕೊಳ್ಳಾಣ ಅಂತಾನೂ ಕೇಳುದ್ರು. ನೀವು ಕತ್ತು ಕಿತ್ತೋಗಂಗೆ ಆಡ್ಸಿ, ಕಿವಿ ಸರಿಯಾಗೈತೆ ಅಂತ ಸೈನೂ ಆಕುದ್ರಿ!"

ಸನಾವುಲ್ಲಾ ಜನರ ನಡುವೆ ನುಗ್ಗಿದ. ರಾಮಲಿಂಗಯ್ಯನ ರಾಶಿಯಿಂದ ಒಂದು ಗೂಡೆತ್ತಿ ಅಲ್ಲಾಡಿಸಿದ. ಗಲಗಲ ಇಲ್ಲ, ಹುಳ ಒಳಗೇ ಕೊಳೆತು ಅಂಟಿಕೊಂಡಿದೆ. ಪೆಟ್ಟಿಗೆಯ ಮುಂದೆ ಹಿಡಿದು ಅಲ್ಲಾಡಿಸಿದ. ಹಸಿರು. ಇನ್ನೊಂದು ಹಿಡಿದ. ಅದೂ ಹಸಿರು.

"ಲೇ, ತಗೋಬ್ಯಾಡ್ರಲಾ! ಈ ಪೆಟ್ಟಿಗೆ ಸುಳ್ಳೇಳ್ತೈತೆ! ಇದ್ರ ನೂಲು ಬಿಚ್ಚಕ್ಕಿಲ್ಲ!"

"ಅದೆಂಗೆ ಸಾಬ್ರೇ?" ರಾಮಲಿಂಗಯ್ಯ ಮುಂದೆ ಬಂದ. "ಬೆಳಗ್ಗೆ ಇದೇ ಗೂಡ ನೀವೇ ಒಳ್ಳೇದು ಅಂದ್ರಿ. ಈಗ ಬ್ಯಾಡ ಅಂತೀರಾ?"

ಬೆಳಿಗ್ಗೆ ನಾನು ಕಿವುಡನಾಗಿದ್ದೆ ಎಂಬ ಮಾತು ಸನಾವುಲ್ಲಾನ ನಾಲಗೆಯ ತುದಿಗೆ ಬಂತು. ಅಂದರೆ ಸುಳ್ಳು ಸೈನು ಹಾಕಿದವನೆಂದು ಉಗಿಯುತ್ತಾರೆ. ಅನ್ನದಿದ್ದರೆ ಕೊಳೆತ ಗೂಡುಗಳೆಲ್ಲ ತನ್ನ ಹೆಸರಿನಲ್ಲೇ ಮಾರಾಟವಾಗುತ್ತವೆ. ಮತ್ತೊಂದು ಗೂಡೆತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೆಟ್ಟಿಗೆಯ ಕಡೆಗೆ ಸರಿದರು.

ಮಕ್ಬೂಲ್ ಆ ಜನರನ್ನು ನಾಲ್ಕು ಮಾರು ಆಚೆ ಕರೆದೊಯ್ದು ದನಿ ತಗ್ಗಿಸಿದ. "ಸುಮ್ಕಿರ್ರಪ್ಪಾ, ಬೇಜಾರ್ ಮಾಡ್ಕತಾರೆ. ಬೆಳಗ್ಗೆವರ್ಗೂ ಚೆನ್ನಾಗಿದ್ದ ಕಿವಿ, ಈಗ ಕೈಕೊಟ್ಬುಟ್ಟೈತೆ. ಪುಣ್ಯಕ್ಕೆ ಅಷ್ಟ್ರೊಳ್ಗೆ ಪೆಟ್ಟಿಗೆಗೆ ಕಲಿಸ್ಬುಟ್ರು."

ಸನಾವುಲ್ಲಾನಿಗೆ ಒಂದಕ್ಷರವೂ ಬಿಡದೆ ಕೇಳಿಸಿತು.