ಹೂಂ ಎನ್ನದ ಗಿಳಿ

ಅರ್ಧ ನಿದ್ದೆಯಲ್ಲೂ ತಪ್ಪದೆ ಹೂಂಗುಟ್ಟುವವರ ಒಂದು ಪಂಗಡವಿದೆ. ನಾನು ಅದಕ್ಕೆ ಸೇರಿದವನು. ಎದುರಿನವರು ಮಾತಾಡುತ್ತಿರುತ್ತಾರೆ, ನಾನು ಕಣ್ಣು ಬಿಟ್ಟುಕೊಂಡೇ ಎಲ್ಲೋ ತೇಲುತ್ತಿರುತ್ತೇನೆ, ಗಂಟಲು ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ. ಹಿರಿಯೂರಿನ ನಮ್ಮ ತಾಲ್ಲೂಕು ಕಚೇರಿಯಲ್ಲಿ ಊಟದ ನಂತರದ ಸಭೆಗಳನ್ನೆಲ್ಲ ನಾನು ದಾಟಿರುವುದು ಹೀಗೆಯೇ. ಈ ವಿದ್ಯೆ ಕಲಿಸಿದವಳು ನಮ್ಮವ್ವ. ನಮ್ಮದು ಕುರಿ ಸಾಕಿದ ಮನೆತನ. ಧರ್ಮಪುರದ ಕಡೆ, ಕುರಿ ಕೂಡುವ ರೊಪ್ಪದ ಪಕ್ಕ ಕಂಬಳಿ ಹಾಸಿಕೊಂಡು ಅವ್ವ ಕಥೆ ಹೇಳುತ್ತಿದ್ದರೆ ಕೇಳುವವರು ಮಾತುಮಾತಿಗೂ ಹೂಂ ಅನ್ನಲೇಬೇಕಿತ್ತು. ಹೂಂ ನಿಂತರೆ ಕಾವಲಿನವರು ಮಲಗಿದರು ಅಂತ ತೋಳಕ್ಕೆ ಗೊತ್ತಾಗುತ್ತದೆ ಎಂದು ಹೆದರಿಸುತ್ತಿದ್ದಳು. ಆ ಭಯಕ್ಕೆ ನಾನು ಮಲಗಿಕೊಂಡೂ ಹೂಂಗುಟ್ಟುವುದನ್ನು ರೂಢಿಸಿಕೊಂಡೆ.

ಈಗ ಅವ್ವ ಚಿತ್ರದುರ್ಗದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಅವೇ ಕಥೆಗಳನ್ನು ಅದೇ ಕರಾರಿನ ಮೇಲೆ ನನ್ನ ಮಗಳು ಗೌರಿಗೂ ಹೇಳಿದ್ದಾಳೆ. ಗೌರಿ ಒಂದನೇ ಕ್ಲಾಸು. ಅಕ್ಷರಗಳೆಲ್ಲ ಬರುತ್ತವೆ, ಗೋಡೆಯ ತುಂಬ ಅವಳದೇ ಬರವಣಿಗೆ. ಆದರೆ ಪುಸ್ತಕ ಕೊಟ್ಟು ಓದು ಎಂದರೆ ತುಟಿ ಎರಡು ಮಾಡುವುದಿಲ್ಲ. ಒಂದು ದಿನ ಶಾಲೆಯ ಮೇಡಂ ನನ್ನನ್ನು ಕರೆಸಿ, "ಇವಳು ಬಾಯೇ ಬಿಡಲ್ಲ ನೋಡ್ರಿ. ಹಿಂಗೇ ಆದ್ರೆ ಮುಂದಿನ ವರ್ಷ ಬಾಳ ಹಿಂದೆ ಬೀಳ್ತಾಳೆ" ಎಂದರು. ಅವತ್ತು ನನಗೆ ನಿದ್ದೆ ಬರಲಿಲ್ಲ. ನನ್ನ ಹೆಂಡತಿ ಶಾಂತಾ ಈ ಮಾತನ್ನು ಈಗಲೂ ನಂಬುವುದಿಲ್ಲ.

ಮೇಡಂ ಹೇಳಿದ ಮದ್ದು ಮೊಬೈಲಿನ ಒಂದು ಆ್ಯಪ್. ಅದರಲ್ಲೊಂದು ಹಸಿರು ಗಿಳಿ. ಮಗು ಕಥೆಯನ್ನು ಗಟ್ಟಿಯಾಗಿ ಓದಿದರೆ ಗಿಳಿ ಕೇಳಿಸಿಕೊಳ್ಳುತ್ತದೆ. ಸರಿಯಿದ್ದರೆ ಪದ ಹಸಿರಾಗುತ್ತದೆ, ತಪ್ಪಿದರೆ ಕೆಂಪು. ಮೊದಲ ಕಥೆ, ಚಂದ್ರ ಹಗಲು ಹೊತ್ತು ಎಲ್ಲಿ ಮಲಗುತ್ತಾನೆ ಎಂದು ಹುಡುಕಲು ಹೊರಟ ಆಮೆಯದು. ಗೌರಿ ಒಂದು ಸಾಲು ಓದಿದಳು! ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಅವಳು ಗಿಳಿಯನ್ನೇ ನೋಡಿದಳು. ಗಿಳಿ ರೆಕ್ಕೆ ಬಡಿಯಿತು. ಗೌರಿ ಮೊಬೈಲನ್ನು ಮಂಚದ ಮೇಲೆ ಮಕಾಡೆ ಹಾಕಿಬಿಟ್ಟಳು.

"ಯಾಕವ್ವಾ?" ಎಂದು ಮಗಳನ್ನು ಕೇಳಿದೆ.

"ಇದು ಹೂಂ ಅನ್ನಲ್ಲಪ್ಪ. ಯಾರಿಗೆ ಅಂತ ಓದ್ಲಿ?"

ಅವ್ವ ಮೂಲೆಯಿಂದ, "ಕೂಸು ಹೇಳಾದು ಸರಿಯಾಗೈತೆ ಕಣ್ಲೇ. ಹೂಂ ಅನ್ನದೋರ ಮುಂದೆ ಕತೆ ಹೇಳಾದೂ ಒಂದೇ, ಗೋಡೆ ಮುಂದೆ ಹೇಳಾದೂ ಒಂದೇ" ಎಂದಳು.

ಶಾಂತಾ ನನ್ನತ್ತ ತಿರುಗಿದಳು. "ಕುಂತ್ಕಳ್ರಿ ನೀವು. ಸಾಹೇಬ್ರಿಗೆ ದಿನಾ ಹೂಂ ಅಂತೀರಲ್ಲ, ಮಗಳಿಗೂ ಒಂದೀಟು ಅನ್ರಿ."

ಹೀಗೆ ನನಗೆ ಮನೆಯಲ್ಲೂ ಅದೇ ನೌಕರಿ ಸಿಕ್ಕಿತು. ಆದರೆ ನನ್ನ ಮೊದಲ ಹೂಂಗೇ ಗಿಳಿ ಕಂಗಾಲಾಯಿತು. ಕಥೆಯಲ್ಲಿಲ್ಲದ ಈ ಪದ ಎಲ್ಲಿಂದ ಬಂತು ಎಂದು ಅದು ಇಡೀ ಸಾಲನ್ನೇ ಕೆಂಪು ಮಾಡಿ, "ಮತ್ತೊಮ್ಮೆ ಪ್ರಯತ್ನಿಸಿ" ಎಂದಿತು. ಕೊನೆಗೆ ಒಂದು ಉಪಾಯ ಕಂಡುಕೊಂಡೆ. ಸಾಲು ಪೂರ್ತಿ ಹಸಿರಾದ ಮೇಲೆ, ಮುಂದಿನದು ಶುರುವಾಗುವ ಮೊದಲು ಹೂಂ ಅನ್ನುವುದು. ಗೌರಿ ಓದತೊಡಗಿದಳು. ಭಾನುವಾರದ ಮಧ್ಯಾಹ್ನ, ಹೊಟ್ಟೆಯಲ್ಲಿ ಮುದ್ದೆ, ಕಿಟಕಿಯಲ್ಲಿ ಬಿಸಿ ಗಾಳಿ, ಕಿವಿಯ ಹತ್ತಿರ ಆ ಎಳೆಯ ದನಿ. ನನ್ನಂಥವನು ಎಷ್ಟು ಹೊತ್ತು ತಡೆದಾನು? ಆಮೆ ಗುಡ್ಡ ಹತ್ತುವಷ್ಟರಲ್ಲಿ ನಾನೂ ಹತ್ತುತ್ತಿದ್ದೆ. ಗುಡ್ಡದ ಮೇಲೆ ನಮ್ಮ ಕಚೇರಿ. ಕಿಟಕಿಯಲ್ಲಿ ಆಮೆ ನಿಂತು, ಚಂದ್ರನ ವಾಸಸ್ಥಳದ ದೃಢೀಕರಣ ಬೇಕಿತ್ತು ಎನ್ನುತ್ತಿತ್ತು. ನಾಳೆ ಬಾರಪ್ಪ ಎಂದು ನಾನು ಹೇಳುತ್ತಿದ್ದೆ. ಅವಳು ಅದೇ ಕಥೆಯನ್ನು ಎಷ್ಟು ಭಾನುವಾರ ಓದಿದರೂ ಅಲ್ಲಿಗೇ ನನ್ನ ಕಥೆ ಮುಗಿಯುತ್ತಿತ್ತು.

ಆ ಗಿಳಿಗೆ ಇನ್ನೊಂದು ಗುಣವಿದೆ, ಮಗು ಓದುವಾಗಿನ ಸದ್ದನ್ನೆಲ್ಲ ಅದು ಕೂಡಿಟ್ಟುಕೊಳ್ಳುತ್ತದೆ. ಒಂದು ಸೋಮವಾರ ಹಿರಿಯೂರಿನ ಬಸ್ಸಿನಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದಿನ ದಿನದ್ದನ್ನು ಹಾಕಿದೆ. ಹೊರಗೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ಗೌರಿ ಓದುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಬರಬರುತ್ತಾ ನನ್ನ ಹೂಂ ಎಳೆಯತೊಡಗಿತು, ಆಮೇಲೆ ಗೊರಕೆಯಾಯಿತು. ಗೌರಿಯ ದನಿ ನಿಂತಿತು. ಮತ್ತೆ ಬಾಯಿ ಮುಚ್ಚಿಕೊಂಡಳು, ಕೆಡಿಸಿಬಿಟ್ಟೆನಲ್ಲ, ಅಷ್ಟು ಹೊತ್ತು ಎಚ್ಚರ ಇರಲಾಗಲಿಲ್ಲವೇ ಎಂದು ನನ್ನನ್ನೇ ಬೈದುಕೊಂಡೆ.

"ಅಪ್ಪಾ?" ಎಂದಿತು ದನಿ. ಗೊರಕೆ. "ಅಪ್ಪೋ!" ಇನ್ನಷ್ಟು ಗೊರಕೆ. ಆಮೇಲೆ ನನ್ನದೇ ದಪ್ಪ ದನಿಯನ್ನು ಅಣಕಿಸಿ ಅವಳೇ "ಹೂಂ" ಎಂದಳು. ಎಂದವಳೇ ಮುಂದಿನ ಸಾಲು ಓದಿದಳು. ಮತ್ತೆ ತಾನೇ ಹೂಂ, ಮತ್ತೆ ಓದು. ಒಂದು ಕಡೆಯೂ ತಡವರಿಸಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಸಂತೋಷವೇ, ಸುಳ್ಳೇಕೆ ಹೇಳಲಿ. ಜೊತೆಗೆ, ಇಷ್ಟು ಬೇಗ ನನ್ನ ನೌಕರಿ ಹೋಯಿತಲ್ಲ ಎಂಬ ಸಂಕಟವೂ ಇತ್ತು. ಮನಸ್ಸಿನ ಭಾರ ಇಳಿಯಿತು, ಬಸ್ಸು ತೂಗುತ್ತಿತ್ತು, ದನಿ ಕಿವಿಯಲ್ಲಿ ಹರಿಯುತ್ತಲೇ ಇತ್ತು. ಕಂಡಕ್ಟರ್ ಭುಜ ಅಲ್ಲಾಡಿಸಿ, "ಹಿರಿಯೂರು ಬಂತು, ಇಳೀರಿ ಸಾರ್" ಎಂದಾಗಲೇ ಎಚ್ಚರವಾದದ್ದು.

ಸಂಜೆ ಮನೆಗೆ ಬಂದು ಗೌರಿಯನ್ನು ಎತ್ತಿಕೊಂಡು ಮುದ್ದಾಡಿದೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ, ಅವಳ ಲಕ್ಷ್ಯವೆಲ್ಲ ಮೊಬೈಲಿನ ಹೊಸ ಕಥೆಯ ಮೇಲೆ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, "ಅಲ್ಲ ಕಣವ್ವ, ಆ ಆಮೆಗೆ ಕೊನೆಗೂ ಚಂದ್ರ ಸಿಕ್ಕಿದ್ನಾ?"

ಗೌರಿ ತಲೆ ಎತ್ತಿ, ಅವತ್ತು ಶಾಲೆಯಲ್ಲಿ ಮೇಡಂ ನನ್ನನ್ನು ನೋಡಿದ ಹಾಗೆಯೇ ನೋಡಿದಳು.

"ನೀನೇ ಓದ್ಕಳಪ್ಪ," ಎಂದಳು, "ಬಾಳ ಸುಲಭ ಐತೆ."