ರಾಣಿ, ವಿಜ್ಞಾನಿ ಮತ್ತು ಇತವಾರಿಯ ಕುದುರೆ

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲ. ರೈಲ್ವೆ ಕಾಲೊನಿಯ ನಮ್ಮ ಕನ್ನಡ ಸಂಘ ಇಬ್ಬರು ಮಹನೀಯರ ಜೀವನವನ್ನು ನಾಟಕವಾಗಿ ಆಡಿಸಲು ನಿರ್ಧರಿಸಿತು: ಬ್ರಿಟಿಷರ ಮೇಲೆ ಕತ್ತಿ ಹಿರಿದ ರಾಣಿ, ಮತ್ತು ಗಿಡಕ್ಕೂ ನೋವಾಗುತ್ತದೆ ಎಂದು ಲೋಕಕ್ಕೆ ತೋರಿಸಿದ ವಿಜ್ಞಾನಿ. ಮನೆಯಲ್ಲೂ ಮರಾಠಿಯಲ್ಲೇ ಜಗಳವಾಡುವ ನಮ್ಮ ಮಕ್ಕಳಿಗೆ ಇದರಿಂದ ಕನ್ನಡವೂ ಬರಲಿ, ಕೆಚ್ಚೂ ಬರಲಿ ಎಂಬುದು ಉದ್ದೇಶ.

ರಾಣಿ ನನ್ನ ಹೆಂಡತಿ ಸುಶೀಲಾ. ವಿಜ್ಞಾನಿ, ಸಾಕ್ಷಾತ್ ನಾನು! ಸುಶೀಲಾ ವೇದಿಕೆ ಹತ್ತುವುದು ಅದೇ ಮೊದಲು. ಲಟ್ಟಣಿಗೆಯನ್ನೇ ಕತ್ತಿಯಂತೆ ಝಳಪಿಸುತ್ತ ಮಾತು ಬಾಯಿಪಾಠ ಮಾಡಿ, ಎಷ್ಟೋ ದಿನ ನಮಗೆ ಸೀದ ಚಪಾತಿ ತಿನ್ನಿಸಿದ್ದಳು. ಆ ಮಾತುಗಳನ್ನು ಜನರ ಮುಂದೆ ಒಮ್ಮೆ ಹೇಳಬೇಕೆಂಬುದು ಅವಳ ಜೀವದ ಆಸೆ.

"ರಟ್ಟಿನ ಕುದುರಿ ಸಾಕ್ರೀ," ಎಂದರು ಕಾರ್ಯದರ್ಶಿ ಪಾಟೀಲರು.

"ರಾಣಿಗೆ ರಟ್ಟಿನ ಕುದುರಿ? ಇತಿಹಾಸಕ್ಕ ಅಪಚಾರ!" ಎಂದು ಗುಡುಗಿ, ಇತವಾರಿ ಪೇಟೆಗೆ ಹೋಗಿ ಟಾಂಗಾದ ಕುದುರೆಯನ್ನೇ ಗೊತ್ತುಮಾಡಿದೆ.

"ಗಾಯ್ ಹೈ ಬಾಬೂಜಿ, ಗಾಯ್!" ಎಂದ ಟಾಂಗಾವಾಲಾ, ಕುದುರೆ ಹಸುವಿನಷ್ಟು ಸಾಧು ಎಂಬ ಅರ್ಥದಲ್ಲಿ. "ಬಸ್, ಏಕ್ ಬಾತ್..." ಎಂದು ಇನ್ನೇನೋ ಹೇಳಹೊರಟ. ನಾನು "ಬರೋಬರ್, ಬರೋಬರ್" ಎನ್ನುತ್ತ ಹೊರಟೇಬಿಟ್ಟೆ. ವಿಜ್ಞಾನಿಗೆ ಕೇಳಿಸಿಕೊಳ್ಳಲು ಪುರುಸೊತ್ತೆಲ್ಲಿ!

ನನ್ನ ಪ್ರಯೋಗ ಸಿದ್ಧವಾಗಬೇಕಿತ್ತು. ಕುಂಡದಲ್ಲಿ ಮುಟ್ಟಿದರೆ ಮುನಿ ಗಿಡ, ಪಕ್ಕದಲ್ಲೊಂದು ಗಂಟೆ. ಗಿಡವನ್ನು ಚಿವುಟಿದೊಡನೆ ಗಂಟೆ ಠಣ್ ಎನ್ನಬೇಕು. ಅದಕ್ಕಾಗಿ ಗಂಟೆಗೆ ಕಟ್ಟಿದ ದಾರದ ಇನ್ನೊಂದು ತುದಿಯನ್ನು ನನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡೆ. ಶುದ್ಧ ವಿಜ್ಞಾನ!

ಆ ಸಂಜೆ ಮೈದಾನ ತುಂಬಿತ್ತು. ವೇದಿಕೆಯ ಪಕ್ಕದಲ್ಲೇ ಸುಶೀಲಾ ಕಚ್ಚೆ ಸೀರೆ ಉಟ್ಟು, ಕತ್ತಿ ಹಿಡಿದು, ಕುದುರೆಯ ಮೇಲೆ ಕೂತು ತನ್ನ ಸರದಿಗೆ ಕಾಯುತ್ತಿದ್ದಳು. ಟಾಂಗಾವಾಲಾ ಚಹಾ ಕುಡಿಯಲು ಹೋಗಿದ್ದ. ನಾನು ಗಿಡ ಚಿವುಟಿದೆ, ಕಾಲು ಜಗ್ಗಿದೆ. ಠಣ್!

ಟಾಂಗಾ ಹೊರಡುವಾಗ ಟಾಂಗಾವಾಲಾ ಕಾಲಿನಿಂದ ಗಂಟೆ ಒತ್ತುತ್ತಾನೆ. ಗಂಟೆ ಕೇಳಿದರೆ ಹೊರಡಬೇಕು, ಕುದುರೆ ಕಲಿತದ್ದು ಅಷ್ಟೇ. ಅದು ರಾಣಿಯ ಸಮೇತ ಇತವಾರಿಯ ಕಡೆಗೆ ಹೊರಟಿತು!

"ಹಿಡೀರಿ! ಹಿಡೀರಿ!" ಎಂದು ನಾನು ಬೆನ್ನಟ್ಟಿದೆ. ದಾರ ಬಿಚ್ಚಲು ಮರೆತಿದ್ದೆ. ಗಂಟೆ ಠಣಠಣ ಎನ್ನುತ್ತ ನನ್ನ ಹಿಂದೆಯೇ ಬಂತು. ನಾನು ಓಡಿದಷ್ಟೂ ಗಂಟೆ ಜೋರು, ಗಂಟೆ ಬಡಿದಷ್ಟೂ ಕುದುರೆ ಜೋರು.

ಕುದುರೆಯ ಮೇಲಿಂದ ರಾಣಿಯ ಅಪ್ಪಣೆಯಾಯಿತು: "ಅಯ್ಯ, ನೀವು ಓಡಬ್ಯಾಡ್ರೀ! ಗಂಟಿ ನಿಂತ್ರ ಕುದುರಿ ನಿಲ್ಲತೈತಿ!"

ನನ್ನ ತಲೆಗೆ ಹೊಳೆಯುವ ಮೊದಲೇ ದಾರಕ್ಕೆ ಎಡವಿ ಬೋರಲು ಬಿದ್ದೆ. ಗಂಟೆ ನಿಂತಿತು. ಕುದುರೆಯೂ ನಿಂತಿತು!

ಟಾಂಗಾವಾಲಾ ಓಡಿಬಂದು ಲಗಾಮು ಹಿಡಿದು ಕುದುರೆಯನ್ನು ತಿರುಗಿಸಿ ತಂದ. ಸುಶೀಲಾ ಅದರ ಮೇಲಿಂದಲೇ, ಜನರ ನಟ್ಟನಡುವೆ, ಒಂದಕ್ಷರ ತಪ್ಪದೆ ತನ್ನ ಮಾತನ್ನೆಲ್ಲ ಹೇಳಿದಳು. ಕನ್ನಡ ಬಾರದ ಮರಾಠಿ ಮಂದಿಯೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊಣಕಾಲು ತರಚಿಕೊಂಡಿದ್ದ ನಾನೂ ತಟ್ಟಿದೆ. ಹೆಮ್ಮೆಯಿಂದ ಕಣ್ಣು ತುಂಬಿಬಂದಿತ್ತು.

ಮರುವರ್ಷವೂ ಅದೇ ನಾಟಕ. ಓಡುವ ಕುದುರೆಯ ಮೇಲೆ ಕೂತೇ ಕಾರಣ ಕಂಡುಹಿಡಿದವಳೆಂದು, ಪಾಟೀಲರು ವಿಜ್ಞಾನಿಯ ಪಾತ್ರವನ್ನೂ ಸುಶೀಲಾಗೇ ಕೊಟ್ಟರು.

"ಮತ್ತ ನನಗ?" ಎಂದೆ.

"ನೀವು ಗಿಡ ಆಗ್ರಿ. ಮಾತಿಲ್ಲ, ಓಡಾಟ ಇಲ್ಲ."

ಹಸಿರು ಶಾಲು ಹೊದ್ದು ವೇದಿಕೆಯ ಮೇಲೆ ನಿಂತೆ. ಹೆಂಡತಿ ಬಂದು ಮನಸಾರೆ ಚಿವುಟಿದಳು. ಗಿಡಕ್ಕೂ ನೋವಾಗುತ್ತದೆ. ನನಗೆ ಖಾತ್ರಿಯಾಯಿತು!