ಗುತ್ಯಪ್ಪನ ಗಟ್ಟಿ ಬ್ರೇಕು

ರಗಳೆ ಶುರುವಾದದ್ದು ಬಸ್ಸುಗಳ ಮಾಲೀಕ ನಾರಾಯಣಮೂರ್ತಿಯವರ ಒಂದು ಫೋನಿನಿಂದ. "ನಾಳೆ ಎರಡೂ ಬಸ್ಸನ್ನ ಸಾಗರಕ್ಕೆ ತಂದು ಆರ್‌ಟಿಓ ಹತ್ರ ಎಫ್‌ಸಿ ಟೆಸ್ಟ್ ಮಾಡಿಸ್ಕೊಳ್ಳಿ. ರಿಸಲ್ಟ್ ನೋಡಿ ಒಂದನ್ನ ಮಾರ್ತೀನಿ," ಎಂದಷ್ಟೇ ಹೇಳಿ ಇಟ್ಟರು. ಫೇಲಾದ ಬಸ್ಸು ಗುಜರಿಗೆ, ಅದರ ಡ್ರೈವರು ಮನೆಗೆ ಎಂದು ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮಾರುವ ಕೆರಿಯಮ್ಮ ಅರ್ಥ ಬಿಡಿಸಿ ಹೇಳಿದಳು. ಹದಿನೆಂಟು ವರ್ಷ ಒಂದೇ ಸೀಟಿನಲ್ಲಿ ಕೂತಿದ್ದ ಗುತ್ಯಪ್ಪನಿಗೆ ಮನೆಯಲ್ಲಿ ಕೂತು ಅಭ್ಯಾಸವೇ ಇರಲಿಲ್ಲ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಪಾಸಾಗುವುದು ಸುಲಭವಿರಲಿಲ್ಲ. ಆ ಎರಡು ಬಸ್ಸು ಸೇರಿದರೆ ಒಂದು ಬಸ್ಸಾಗುತ್ತಿತ್ತು. ಗುತ್ಯಪ್ಪನ ಬಸ್ಸಿನ ಬ್ಯಾಟರಿ ಗಟ್ಟಿ, ಆದರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರಿಗೆ ಉಬ್ಬಸ ಹಿಡಿದಿತ್ತು. ಸಚಿನ್ ಓಡಿಸುವ ಬಸ್ಸಿನ ಕಂಪ್ರೆಸರ್ ಗಟ್ಟಿ, ಬ್ಯಾಟರಿ ಸತ್ತಿತ್ತು. ಗಾಳಿ ಇಲ್ಲದಿದ್ದರೆ ಬ್ರೇಕು ಹಿಡಿಯುವುದಿಲ್ಲ ಎಂದುಕೊಂಡವರಿದ್ದಾರೆ. ಅದು ತಪ್ಪು. ಗಾಳಿ ಪೂರ್ತಿ ಇಳಿದರೆ ಇಂಥ ಬಸ್ಸಿನ ಬ್ರೇಕು ಹಿಡಿದದ್ದನ್ನು ಬಿಡುವುದೇ ಇಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಗುತ್ಯಪ್ಪ ವೈರು ಕೊಟ್ಟು ಸಚಿನ್ನನ ಬಸ್ಸು ಸ್ಟಾರ್ಟ್ ಮಾಡಿಸುತ್ತಿದ್ದ, ಸಚಿನ್ ಪೈಪು ಕೊಟ್ಟು ಗುತ್ಯಪ್ಪನ ಬಸ್ಸಿಗೆ ಗಾಳಿ ತುಂಬಿಸುತ್ತಿದ್ದ. ಗೊತ್ತಾದರೆ ಎರಡನ್ನೂ ಮಾರಿಬಿಡುತ್ತಾರೆಂದು ಮಾಲೀಕರಿಗೆ ಇಬ್ಬರೂ ಹೇಳಿರಲಿಲ್ಲ.

ಆ ಬೆಳಿಗ್ಗೆ ಮಾತ್ರ ಇಬ್ಬರೂ ಎದುರಾಳಿಗಳು.

"ಮೊದ್ಲು ಗಾಳಿ ಕೊಡಾ," ಎಂದ ಗುತ್ಯಪ್ಪ.

"ಇಂಜಿನ್ನೇ ಸ್ಟಾರ್ಟಾಗ್ದೆ ಗಾಳಿ ಎಲ್ಲಿಂದ ತರ್ಲಿ ಗುತ್ಯಣ್ಣ? ಮೊದ್ಲು ಕರೆಂಟ್ ಕೊಡು."

"ಕರೆಂಟ್ ತಗಂಡು ನೀ ಓಡಿ ಹೋದ್ರೆ?"

ಕೆರಿಯಮ್ಮ ಲೋಟ ಕುಕ್ಕಿದಳು. "ಕೊಡಾ ಮಾರಾಯ! ನಿಮ್ಮ ಜಗಳ ನೋಡ್ತಾ ನಿಂತು ಒಬ್ರೂ ಚಾ ಕುಡೀತಿಲ್ಲ."

ಗುತ್ಯಪ್ಪ ಕೊಟ್ಟ. ಸಚಿನ್ನನ ಬಸ್ಸು ಗುಡುಗಿತು. ಗುತ್ಯಪ್ಪನ ಬಸ್ಸಿನ ಗಾಳಿ ಮೀಟರಿನ ಮುಳ್ಳು ಅರ್ಧಕ್ಕೆ ಬರುವಷ್ಟರಲ್ಲಿ ಸಚಿನ್ ಪೈಪು ಕಿತ್ತುಕೊಂಡು, "ಲೇಟಾಯ್ತು ಗುತ್ಯಣ್ಣ," ಎಂದು ಹೊರಟೇಬಿಟ್ಟ.

ಅರ್ಧ ಗಾಳಿ ಎಂದರೆ ಗುತ್ಯಪ್ಪನ ಅಂದಾಜಿನಲ್ಲಿ ಇಪ್ಪತ್ತು ಬ್ರೇಕು. ಅವನು ಜಿಪುಣನಂತೆ ಓಡಿಸಿದ. ಹಂಪುಗಳನ್ನು ಹಾರಿಸಿದ. ಕೋಳಿಗಳಿಗೆ ಹಾರ್ನ್ ಮಾತ್ರ ಕೊಟ್ಟ. ಆನಂದಪುರದಲ್ಲಿ ಹೆಂಡತಿಯ ಅಣ್ಣನೇ ಕೈ ಅಡ್ಡ ಹಾಕಿದ. ಅವನಿಗಾಗಿ ಒಂದು ಬ್ರೇಕು ಖರ್ಚು ಮಾಡಲು ಮನಸ್ಸಾಗಲಿಲ್ಲ. ಐದೇ ನಿಮಿಷಕ್ಕೆ ಹೆಂಡತಿ ವೆಂಕಮ್ಮನ ಫೋನು ಬಂತು. ಎತ್ತಲು ಬ್ರೇಕೇನೂ ಬೇಕಿರಲಿಲ್ಲ, ಆದರೂ ಎತ್ತಲಿಲ್ಲ.

ಸಾಗರದ ಹೊರಗಿನ ಇಳಿಜಾರು ಮೈದಾನದಲ್ಲಿ ಆರ್‌ಟಿಓ ಇನ್‌ಸ್ಪೆಕ್ಟರು ತೋರಿಸಿದ ಗೆರೆಯ ಮೇಲೆ ನಿಲ್ಲಿಸಿದ್ದೇ ತಡ, 'ಉಸ್' ಎಂದು ಕೊನೆಯ ಗಾಳಿಯೂ ಹೋಗಿ ಗಾಲಿಗಳು ಕಚ್ಚಿಕೊಂಡವು. ಇನ್ನು ಬಸ್ಸು ಅಲ್ಲಾಡುವುದಿಲ್ಲವೆಂದು ಗುತ್ಯಪ್ಪನಿಗೆ ಗೊತ್ತಾಯಿತು.

"ಬ್ರೇಕ್ ಹಿಡಿ. ತಳ್ರೋ ಎಲ್ಲಾ!" ಎಂದರು ಇನ್‌ಸ್ಪೆಕ್ಟರು.

ಎಂಟು ಜನ ತಳ್ಳಿದರು. ಆಮೇಲೆ ಹದಿನಾಲ್ಕು ಜನ ತಳ್ಳಿದರು. ಅಷ್ಟು ಇಳಿಜಾರಿನಲ್ಲೂ ಬಸ್ಸು ಇಕ್ಕೇರಿ ಗುಡಿಯ ಕಲ್ಲು ಬಸವನ ಹಾಗೆ ಕೂತೇ ಇತ್ತು. "ಹೊಸ ಬಸ್ಸಲ್ಲೂ ಇಂಥ ಬ್ರೇಕ್ ನೋಡಿಲ್ಲ ನಾನು," ಎಂದು ಇನ್‌ಸ್ಪೆಕ್ಟರು ಪಾಸು ಬರೆದರು. ಇನ್ನು ಬಿಟ್ಟು ತೋರಿಸು ಎನ್ನಲು ಅವರಿಗೆ ತೋಚಲಿಲ್ಲ. ಫಾರಮ್ಮಿನಲ್ಲಿ ಹಿಡಿಯುವುದಕ್ಕೆ ಮಾತ್ರ ಜಾಗವಿತ್ತು.

ಸಚಿನ್ನನಿಗೆ, "ಆಫ್ ಮಾಡಿ ಸ್ಟಾರ್ಟ್ ಮಾಡು," ಎಂದರು. ಆಫ್ ಆಯಿತು. ಅಲ್ಲಿಗೆ ಅವನ ಪರೀಕ್ಷೆಯೂ ಮುಗಿಯಿತು.

ಹನ್ನೆರಡಕ್ಕೆ ನಾರಾಯಣಮೂರ್ತಿಯವರು ಕಾರಿನಲ್ಲಿ ಬಂದಿಳಿದರು. ಜೊತೆಗೊಬ್ಬ ಅಪರಿಚಿತ. ಗುತ್ಯಪ್ಪ ಎದೆಯುಬ್ಬಿಸಿ ನಿಂತ.

"ಪಾಸಾಯ್ತಂತಲ್ಲ ಗುತ್ಯಪ್ಪ, ಭೇಷ್! ಕೀ ಇವ್ರ ಕೈಗೆ ಕೊಡು. ತೀರ್ಥಹಳ್ಳಿ ಶ್ರೀನಾಥ್ ಅಂತ. ಬಸ್ಸು ಇವ್ರೇ ತಗೊಂಡ್ರು."

"ಮೂರ್ತಿಯೋರೇ, ಫೇಲಾದ್ದಲ್ವಾ ಮಾರೋದು?"

"ಫೇಲಾದ ಬಸ್ಸನ್ನ ಯಾವ ಪುಣ್ಯಾತ್ಮ ತಗೊಳ್ತಾನಾ? ಅದಕ್ಕೊಂದು ಬ್ಯಾಟ್ರಿ ಹಾಕ್ಸಿದ್ರೆ ನಮಗೇ ಓಡ್ತದೆ. ಸಚಿನ್ ಇದಾನಲ್ಲ."

ಶ್ರೀನಾಥ್ ಹತ್ತಿ ಸ್ಟಾರ್ಟ್ ಮಾಡಿದ. ಬಸ್ಸು ಅಲ್ಲಾಡಲಿಲ್ಲ. "ಏನ್ರೀ ಇದು?"

ಗುತ್ಯಪ್ಪನ ನಾಲಿಗೆ ತುರಿಸಿತು. ಕಂಪ್ರೆಸರ್ ಎಂದು ಒಂದು ಮಾತು ಆಡಿದರೆ ವ್ಯಾಪಾರ ಮುರಿಯುತ್ತಿತ್ತು. ಆದರೆ ಇಷ್ಟು ದಿನ ಮುಚ್ಚಿಟ್ಟದ್ದನ್ನು ಕೇಳಲು ಮಾಲೀಕರು ಎದುರಿಗಿದ್ದರು, ಪಾಸು ಬರೆದ ಇನ್‌ಸ್ಪೆಕ್ಟರು ಇನ್ನೂ ಪೆನ್ನು ಮುಚ್ಚಿರಲಿಲ್ಲ.

"ಬ್ರೇಕು ಗಟ್ಟಿ ಅಲ್ವಾ, ಬಿಡಕ್ಕೆ ಸ್ವಲ್ಪ ಹೊತ್ತು ಬೇಕು. ನೀವು ಸಹಿ ಮುಗ್ಸಿ ಬನ್ನಿ," ಎಂದ.

ಅವರು ಅತ್ತ ಹೋದದ್ದೇ ಗುತ್ಯಪ್ಪ ಸಚಿನ್ನನ ಬಸ್ಸಿಗೆ ವೈರು ಕೊಟ್ಟ. ಸಚಿನ್ ಪೈಪು ಕೊಟ್ಟ. ಈ ಸಲ ಮುಳ್ಳು ತುದಿ ಮುಟ್ಟುವವರೆಗೂ ಧಾರಾಳವಾಗಿ ತುಂಬಿಸಿ, ಯಾರಿಗೂ ಸಂಶಯ ಬಾರದಿರಲೆಂದು ತನ್ನ ಬಸ್ಸಿನ ಇಂಜಿನ್ ಆಫ್ ಮಾಡಿದ. ಶ್ರೀನಾಥ್ ಬಂದು ಬಸ್ಸನ್ನು ಹೂವಿನಂತೆ ಎತ್ತಿಕೊಂಡು ತೀರ್ಥಹಳ್ಳಿಯ ಕಡೆ ಹೊರಟುಹೋದ. ಮಾಲೀಕರ ಕಾರೂ ಹೋಯಿತು.

ಗುತ್ಯಪ್ಪನಿಗೆ ಅಳು ಬರುವಂತಾಯಿತು. ಸಚಿನ್ ಕಿಟಕಿಯಿಂದ ಕತ್ತು ಹೊರಗೆ ಹಾಕಿದ.

"ಊರಿಗೆ ನಾನೇ ಬಿಡ್ತೀನಿ ಗುತ್ಯಣ್ಣ. ಆದ್ರೆ ನಿನ್ ಬ್ಯಾಟ್ರಿ ಹೋಯ್ತಲ್ಲ... ಒಂಚೂರು ತಳ್ತೀಯಾ?"

ಗುತ್ಯಪ್ಪ ಹಿಂದೆ ಹೋಗಿ ಹೆಗಲು ಕೊಟ್ಟ. ಇಳಿಜಾರಿನಲ್ಲಿ ಬಸ್ಸು ಸರಾಗವಾಗಿ ಉರುಳಿತು, ಕೆಮ್ಮಿತು, ಸ್ಟಾರ್ಟಾಯಿತು. ನಿಲ್ಲಿಸಿದರೆ ಎಲ್ಲಿ ಆಫಾದೀತೋ ಎಂದು ಸಚಿನ್ ನಿಲ್ಲಿಸಲಿಲ್ಲ.